ಸರದಿಯಲ್ಲಿ ನಿಂತವರ ಸಿಟ್ಟು

ಮ್ಯಾಂಚೆಸ್ಟರಿನ ಒಯಾಸಿಸ್ ಎಂಬ ರಾಕ್ ಬ್ಯಾಂಡ್ ಹದಿನೈದು ವರ್ಷಗಳ ನಂತರ ಮತ್ತೆ ವೇದಿಕೆ ಏರಲಿದೆ ಎಂಬ ಸುದ್ದಿ 2024ರ ಆಗಸ್ಟ್ 27ರಂದು ಹೊರಬಿದ್ದಾಗ ಬ್ರಿಟನ್ನಿನಲ್ಲಿ ಹಬ್ಬದ ಕಳೆ ಬಂದಿತ್ತು. ಆ ಹಬ್ಬ ನಾಲ್ಕೇ ದಿನ ಉಳಿಯಿತು. ಆಗಸ್ಟ್ 31ರ ಶನಿವಾರ ಟಿಕೆಟ್ ಮಾರಾಟ ಆರಂಭವಾಯಿತು. ಬೆಳಗಿನಿಂದ ಕಂಪ್ಯೂಟರಿನ ಮುಂದೆ ಕುಳಿತು, ಗಂಟೆಗಟ್ಟಲೆ ಸರದಿಯಲ್ಲಿ ಕಾದವರು ಕೊನೆಗೂ ತಮ್ಮ ಪಾಳಿ ಬಂದಾಗ ಕಂಡದ್ದೇನು? ಸುಮಾರು 150 ಪೌಂಡ್ ಎಂದು ತಿಳಿದುಕೊಂಡಿದ್ದ, ನಿಂತು ನೋಡುವ ಟಿಕೆಟ್ಟಿಗೆ 350 ಪೌಂಡಿಗೂ ಮೀರಿದ ಬೆಲೆ. ಕೊಳ್ಳಬೇಕೋ ಬಿಡಬೇಕೋ ಎಂದು ಯೋಚಿಸಲು ಸಿಕ್ಕಿದ್ದು ಕೆಲವೇ ನಿಮಿಷ. ಹಲವರು ಹಲ್ಲು ಕಚ್ಚಿ ಕೊಂಡರು. ಹಲವರು ಬರಿಗೈಯಲ್ಲಿ ಎದ್ದರು. ಸಂಜೆಯ ಹೊತ್ತಿಗೆ ಸಂಭ್ರಮ ಹೋಗಿ ಸಿಟ್ಟು ಉಳಿದಿತ್ತು.

ಅರ್ಥಶಾಸ್ತ್ರದ ಪಠ್ಯಪುಸ್ತಕ ಬಲ್ಲವರಿಗೆ ಈ ಸಿಟ್ಟು ಬಾಲಿಶವೆಂದು ತೋರಬಹುದು. ವಸ್ತು ಕಡಿಮೆ, ಬಯಸುವವರು ಹೆಚ್ಚು. ಅಂದಮೇಲೆ ಬೆಲೆ ಏರಲೇಬೇಕು. ಏರದಿದ್ದರೆ ಆ ವ್ಯತ್ಯಾಸದ ಹಣ ಕಾಳಸಂತೆಯವನ ಜೇಬು ಸೇರುತ್ತದೆ. ಅದಕ್ಕಿಂತ ಹಾಡುವವನಿಗೇ ಸೇರಲಿ ಎಂಬುದು ವಾದ. ತರ್ಕದಲ್ಲಿ ಲೋಪವಿಲ್ಲ. ಆದರೆ ಆ ಶನಿವಾರ ಜನ ಸಿಟ್ಟಾದದ್ದು ಬೆಲೆ ಹೆಚ್ಚೆಂಬ ಕಾರಣಕ್ಕೇ ಎಂದು ತಿಳಿದರೆ ನಾವು ಇಡೀ ಪ್ರಸಂಗವನ್ನು ತಪ್ಪಾಗಿ ಓದಿದಂತಾಗುತ್ತದೆ.

ಮೊದಲು ಈ ಬ್ಯಾಂಡಿನ ಬಗ್ಗೆ ಒಂದೆರಡು ಮಾತು. ಮನ್ಸೂರ್, ಗಂಗೂಬಾಯಿಯವರ ಗಾಯನಕ್ಕೆ ಒಗ್ಗಿದ ನನ್ನ ಕಿವಿಗೆ ಈ ಸಂಗೀತ ಹತ್ತುವುದಿಲ್ಲ. ಅದು ಇಲ್ಲಿ ಮುಖ್ಯವೂ ಅಲ್ಲ. ಕಾರ್ಮಿಕ ಕುಟುಂಬದಿಂದ ಬಂದ ನೋಯೆಲ್ ಮತ್ತು ಲಿಯಾಮ್ ಗ್ಯಾಲಗರ್ ಎಂಬ ಸಹೋದರರು 1990ರ ದಶಕದ ಬ್ರಿಟನ್ನಿನಲ್ಲಿ ಒಂದು ಪೀಳಿಗೆಯ ದನಿಯಾದರು. 1996ರ ಆಗಸ್ಟಿನಲ್ಲಿ ನೆಬ್‌ವರ್ತ್ ಬಯಲಿನಲ್ಲಿ ಎರಡು ರಾತ್ರಿ ಅವರ ಕಛೇರಿ ಕೇಳಿದವರು ಎರಡೂವರೆ ಲಕ್ಷ ಮಂದಿ; ಟಿಕೆಟ್ಟಿಗೆ ಅರ್ಜಿ ಹಾಕಿದವರು 25 ಲಕ್ಷಕ್ಕೂ ಹೆಚ್ಚು. ಅಂದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಅಂದೂ ಸಿಗಲಿಲ್ಲ. ಟಿಕೆಟ್ಟಿನ ಬೆಲೆ 22 ಪೌಂಡ್ 50 ಪೆನ್ಸ್. ಹಣದುಬ್ಬರ ಲೆಕ್ಕ ಹಿಡಿದರೂ ಈಗಿನ 60 ಪೌಂಡನ್ನು ಅದು ದಾಟದು. ಅಷ್ಟು ಬೇಡಿಕೆಯಿದ್ದೂ ಬೆಲೆ ಏರಲಿಲ್ಲ, ಸಿಗದವರು ದಂಗೆಯೇಳಲಿಲ್ಲ. 2009ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಉತ್ಸವವೊಂದರಲ್ಲಿ, ಕಾರ್ಯಕ್ರಮಕ್ಕೆ ಮುನ್ನವೇ ಅಣ್ಣ ತಮ್ಮ ಜಗಳವಾಡಿ ಬ್ಯಾಂಡ್ ಒಡೆಯಿತು. ಅಭಿಮಾನಿಗಳು ಅಂದಿನಿಂದ ಕಾದಿದ್ದರು.

1996ರಲ್ಲಿ ಇಲ್ಲದ ಸಿಟ್ಟು 2024ರಲ್ಲಿ ಎಲ್ಲಿಂದ ಬಂತು? ಇದಕ್ಕೆ ಉತ್ತರ ಸಂಗೀತಕ್ಕೆ ಸಂಬಂಧವೇ ಇಲ್ಲದ ಒಂದು ಹಳೆಯ ಅಧ್ಯಯನದಲ್ಲಿದೆ. ಡೇನಿಯಲ್ ಕಾಹ್ನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1986ರಲ್ಲಿ ಪ್ರಕಟಿಸಿದ ಪ್ರಬಂಧವದು. ಅಂಗಡಿಯೊಂದು ಹಿಮ ತೆಗೆಯುವ ಸಲಿಕೆಯನ್ನು 15 ಡಾಲರಿಗೆ ಮಾರುತ್ತಿತ್ತು. ಭಾರೀ ಹಿಮಪಾತವಾದ ಮಾರನೆಯ ಬೆಳಿಗ್ಗೆ 20 ಡಾಲರಿಗೆ ಏರಿಸಿತು. ಇದು ಸರಿಯೇ ಎಂದು ಜನರನ್ನು ಕೇಳಿದಾಗ ಶೇ 82ರಷ್ಟು ಮಂದಿ ಅನ್ಯಾಯವೆಂದರು. ಮಾರುವವನಿಗೆ ಲಾಭ ಸಲ್ಲದು ಎಂದು ಅವರು ಹೇಳಲಿಲ್ಲ. ನನ್ನ ಅಗತ್ಯ ಕಂಡು ಬೆಲೆ ಬದಲಿಸಿದೆಯಲ್ಲ ಎಂಬುದು ಅವರ ತಕರಾರು. ಒಯಾಸಿಸ್ ಅಭಿಮಾನಿಯ ತಕರಾರೂ ಅದೇ. ಅವನು ಆರು ಗಂಟೆ ಕಾದದ್ದೂ ಒಂದು ಬೆಲೆಯೇ. ಅದನ್ನು ತೆತ್ತು ಮುಗಿಸಿದ ಮೇಲೆ ಎರಡನೆಯ ಬೆಲೆ ಕೇಳಲಾಯಿತು. ಸರದಿ ಎಂಬುದು ಬರಿಯ ಸಾಲಲ್ಲ, ಒಂದು ಅಲಿಖಿತ ಕರಾರು: ಮೊದಲು ಬಂದವನಿಗೆ, ಎಲ್ಲರಿಗೂ ಒಂದೇ ದರದಲ್ಲಿ. ಸಾಲಿನ ತುದಿ ತಲುಪಿದಾಗ ಅದು ಹರಾಜಾಗಿ ಬದಲಾಗಿದ್ದರೆ ಕರಾರು ಮುರಿದಂತೆಯೇ ಸರಿ.

ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ ಕೆಲವೇ ದಿನಗಳಲ್ಲಿ ತನಿಖೆಗೆ ಇಳಿಯಿತು. 2025ರ ಮಾರ್ಚಿನಲ್ಲಿ ಅದು ಹೇಳಿದ್ದು ಕುತೂಹಲಕರ. ಬೇಡಿಕೆಯನ್ನು ಕ್ಷಣಕ್ಷಣ ಅಳೆದು ಗಣಕಯಂತ್ರವೇ ಬೆಲೆ ಏರಿಸುತ್ತದೆ ಎಂದು ಎಲ್ಲರೂ ಬೈದಿದ್ದ ಆ ವ್ಯವಸ್ಥೆ, ಅಂದರೆ ‘ಡೈನಮಿಕ್ ಪ್ರೈಸಿಂಗ್’, ಇಲ್ಲಿ ಬಳಕೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ. ನಡೆದದ್ದು ಇನ್ನೂ ಸರಳ. ಟಿಕೆಟ್‌ಮಾಸ್ಟರ್ ಸಂಸ್ಥೆ ನಿಂತು ನೋಡುವ ಟಿಕೆಟ್ಟುಗಳನ್ನು ಎರಡು ದರಗಳಲ್ಲಿ ಇಟ್ಟಿತ್ತು. ಅಗ್ಗದವು ತೀರಿದೊಡನೆ ತುಟ್ಟಿಯವನ್ನು ಬಿಟ್ಟಿತು. ಸಾಲಿನಲ್ಲಿದ್ದವರಿಗೆ ಇದನ್ನು ಮುಂಚಿತವಾಗಿ ಹೇಳಿರಲಿಲ್ಲ. ‘ಪ್ಲಾಟಿನಮ್’ ಎಂಬ ಹೆಸರಿನ ಟಿಕೆಟ್ಟುಗಳನ್ನು ಸಾಮಾನ್ಯ ದರದ ಸುಮಾರು ಎರಡೂವರೆ ಪಟ್ಟಿಗೆ ಮಾರಲಾಗಿತ್ತು; ಆ ಹೆಚ್ಚಿನ ಹಣಕ್ಕೆ ಪ್ರತಿಯಾಗಿ ಹೆಚ್ಚಿನ ಸೌಲಭ್ಯವೇನೂ ಇಲ್ಲವೆಂಬುದು ಸ್ಪಷ್ಟವಾಗಿರಲಿಲ್ಲ. ಆಡಳಿತದ ಭಾಷೆಯಲ್ಲಿ ಹೇಳುವುದಾದರೆ, ಅಧಿಸೂಚನೆ ಹೊರಡಿಸದೆ ದರಪಟ್ಟಿ ತಿದ್ದಿದಂತೆ.

ಹಿಂದೆ ಗಾಂಧಿನಗರದ ಚಿತ್ರಮಂದಿರಗಳ ಮುಂದೆ ಮೊದಲ ದಿನದ ಆಟಕ್ಕೆ ‘ಬ್ಲಾಕ್‌’ನಲ್ಲಿ ಟಿಕೆಟ್ ಕೊಂಡವರಿಗೆ ಒಂದು ಸಮಾಧಾನವಿತ್ತು: ಸುಲಿಯುವವನು ಗೇಟಿನ ಹೊರಗೆ ನಿಂತಿರುತ್ತಿದ್ದ, ಅವನನ್ನು ಬೈಯಬಹುದಿತ್ತು. ಇಲ್ಲಿ ಟಿಕೆಟ್ ಕೊಡುವ ಕಿಟಕಿಯೇ ಆ ಕೆಲಸ ಮಾಡಿತು. ಬ್ಯಾಂಡಿನವರು ಏನು ಹೇಳಿದರು? ದರ ನಿಗದಿಯನ್ನು ಪ್ರವರ್ತಕರಿಗೂ ವ್ಯವಸ್ಥಾಪಕರಿಗೂ ಬಿಟ್ಟಿದ್ದೇವೆ, ಇಂಥ ವ್ಯವಸ್ಥೆ ಬಳಕೆಯಾಗುವುದೆಂಬ ಅರಿವು ನಮಗಿರಲಿಲ್ಲ ಎಂದು. ಕಡತದ ಮೇಲೆ ಸಹಿ ಮಾಡಿದವರು ‘ಅಧೀನ ಸಿಬ್ಬಂದಿಯನ್ನು ನಂಬಿದ್ದೆ’ ಎನ್ನುವ ವಿವರಣೆಯನ್ನು ನಾನು ಸೇವೆಯಲ್ಲಿದ್ದಾಗ ಎಷ್ಟೋ ಬಾರಿ ಓದಿದ್ದೇನೆ. ಮನಸ್ಸು ಮಾಡಿದರೆ ಕಲಾವಿದ ಏನು ಮಾಡಬಹುದೆಂಬುದಕ್ಕೆ ನಿದರ್ಶನವೂ ಇದೆ. 2023ರಲ್ಲಿ ದಿ ಕ್ಯೂರ್ ಬ್ಯಾಂಡಿನ ರಾಬರ್ಟ್ ಸ್ಮಿತ್ ಅಮೆರಿಕ ಪ್ರವಾಸಕ್ಕೆ 20 ಡಾಲರಿನಿಂದ ಟಿಕೆಟ್ ಇಡಿಸಿದರು. ಅದರ ಮೇಲೆ ಹೇರಿದ ಶುಲ್ಕಗಳೇ ಟಿಕೆಟ್ಟಿನ ಬೆಲೆಯನ್ನು ಮೀರಿದಾಗ ಬಹಿರಂಗವಾಗಿ ಜಗಳವಾಡಿ, ಅದೇ ಟಿಕೆಟ್‌ಮಾಸ್ಟರ್‌ನಿಂದ ಕೊಂಡವರಿಗೆ ಐದು, ಹತ್ತು ಡಾಲರ್ ವಾಪಸು ಕೊಡಿಸಿದರು. ಮೊತ್ತ ಚಿಕ್ಕದು. ಆದರೆ ‘ನನ್ನ ಕೈಯಲ್ಲಿಲ್ಲ’ ಎಂಬ ಮಾತಿಗೆ ಅಷ್ಟು ಉತ್ತರ ಸಾಕು.

ಹಾಗಾದರೆ ಹಂಚುವುದು ಹೇಗೆ? ನನ್ನ ಒಲವು ಚೀಟಿ ಎತ್ತುವುದರ ಕಡೆಗೆ. ಲೆಡ್ ಜೆಪ್ಪೆಲಿನ್ ಬ್ಯಾಂಡ್ ತನ್ನ ಡ್ರಮ್ ವಾದಕ ಜಾನ್ ಬಾನಮ್ 1980ರಲ್ಲಿ ತೀರಿಕೊಂಡ ಮೇಲೆ ವಿಸರ್ಜನೆಗೊಂಡಿತ್ತು. 2007ರ ಡಿಸೆಂಬರ್ 10ರಂದು ಲಂಡನ್ನಿನ ಓ2 ಸಭಾಂಗಣದಲ್ಲಿ, ಅವರ ಧ್ವನಿಮುದ್ರಿಕೆಗಳನ್ನು ಹೊರತಂದಿದ್ದ ಅಹ್ಮೆತ್ ಎರ್ತೆಗುನ್ ನೆನಪಿಗಾಗಿ, ಉಳಿದ ಮೂವರು ಒಂದು ರಾತ್ರಿಯ ಮಟ್ಟಿಗೆ ಮತ್ತೆ ಸೇರಿದರು. ಡ್ರಮ್ಮಿನ ಮುಂದೆ ಬಾನಮ್‌ನ ಮಗ ಜೇಸನ್ ಕುಳಿತ. ಇಪ್ಪತ್ತು ಸಾವಿರದಷ್ಟೂ ಜನ ಹಿಡಿಯದ ಸಭಾಂಗಣ, ಬಂದ ಕೋರಿಕೆಗಳು ಸುಮಾರು ಎರಡು ಕೋಟಿ. ಹರಾಜು ಹಾಕಿದ್ದರೆ ಬೆಲೆ ಸಾವಿರಾರು ಪೌಂಡ್ ಮುಟ್ಟುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. ಸಹಾಯಾರ್ಥ ಹರಾಜಿನಲ್ಲಿ ಒಂದು ಜೋಡಿ ಟಿಕೆಟ್ 83,000 ಪೌಂಡಿಗೆ ಹೋಗಿತ್ತು. ಆದರೂ ದರ 125 ಪೌಂಡಿನಲ್ಲೇ ನಿಂತಿತು, ಹೆಸರುಗಳನ್ನು ಲಾಟರಿಯಲ್ಲಿ ಆರಿಸಿದರು, ಕೊಂಡವರ ಗುರುತುಪತ್ರ ನೋಡಿ ಒಳಗೆ ಬಿಟ್ಟರು. ಸಿಗದವರಿಗೆ ನಿರಾಸೆಯಾಯಿತು. ಅದು ಮೋಸ ಹೋದವರ ಸಿಟ್ಟಲ್ಲ.

ಈ ವ್ಯತ್ಯಾಸವನ್ನು ನಾನು ಹತ್ತಿರದಿಂದ ಬಲ್ಲೆ. ಎಂಬತ್ತರ ದಶಕದಲ್ಲಿ ಜಿಲ್ಲಾ ಕೇಂದ್ರವೊಂದರಲ್ಲಿ ನಿವೇಶನ ಹಂಚಿಕೆಗೆ ಚೀಟಿ ಎತ್ತಿಸುವ ಹೊಣೆ ನನ್ನದಾಗಿತ್ತು. ಎಲ್ಲರ ಕಣ್ಣೆದುರಿಗೆ ಡಬ್ಬ ಅಲುಗಿಸಿ, ಶಾಲೆಯ ಹುಡುಗಿಯೊಬ್ಬಳ ಕೈಯಿಂದ ಚೀಟಿ ತೆಗೆಸಿದೆವು. ಬಾರದವರು ಹಣೆಬರಹವನ್ನು ಬೈದುಕೊಂಡರು, ನಮ್ಮನ್ನು ಬೈಯಲಿಲ್ಲ. ಚೀಟಿ ದಕ್ಷವಲ್ಲ ಎಂಬ ಆಕ್ಷೇಪ ನನಗೆ ಗೊತ್ತು: ಅತಿಯಾಗಿ ಬಯಸಿದವನಿಗೇ ಸಿಗುತ್ತದೆಂಬ ಖಾತರಿ ಅದರಲ್ಲಿಲ್ಲ. ಆದರೆ ಬೆಲೆ ಅಳೆಯುವುದೂ ಬಯಕೆಯನ್ನಲ್ಲ, ಜೇಬಿನ ಬೆಂಬಲವಿರುವ ಬಯಕೆಯನ್ನು. ಹದಿನೈದು ವರ್ಷ ಕಾದ ಬಸ್ ಚಾಲಕನಿಗೂ ನಿನ್ನೆ ಕುತೂಹಲ ಹುಟ್ಟಿದ ಬ್ಯಾಂಕ್ ಅಧಿಕಾರಿಗೂ 350 ಪೌಂಡ್ ಒಂದೇ ತೂಕದ್ದಲ್ಲ.

ಇನ್ನೊಂದು ವಿಷಯವನ್ನು ವ್ಯಾಪಾರದ ದೃಷ್ಟಿಯಿಂದಲೂ ನೋಡಬೇಕು. ಧ್ವನಿಮುದ್ರಿಕೆಗಳ ಆದಾಯ ಬತ್ತಿದ ಮೇಲೆ ಕಲಾವಿದರ ಗಳಿಕೆ ಬಹುಮಟ್ಟಿಗೆ ವೇದಿಕೆಯಿಂದಲೇ ಬರುತ್ತಿದೆ. ಹೀಗಾಗಿ ದರ ಏರುವುದು ಸಹಜ. ಆದರೆ ಅಭಿಮಾನಿ ಎಂಬವನು ಒಂದು ಸಂಜೆಯ ಗಿರಾಕಿಯಲ್ಲ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ಇ ಸ್ಟ್ರೀಟ್ ಬ್ಯಾಂಡಿನೊಂದಿಗೆ ಆರು ವರ್ಷಗಳ ನಂತರ 2023ರಲ್ಲಿ ಪ್ರವಾಸ ಹೊರಟಾಗ, ಬೇಡಿಕೆಗೆ ತಕ್ಕಂತೆ ಏರುವ ದರದಿಂದಾಗಿ ಕೆಲವು ಟಿಕೆಟ್ಟುಗಳು ನಾಲ್ಕೈದು ಸಾವಿರ ಡಾಲರ್ ಮುಟ್ಟಿದವು. ಅವರ ಅಭಿಮಾನಿಗಳು 1980ರಿಂದ ನಡೆಸುತ್ತಿದ್ದ ‘ಬ್ಯಾಕ್‌ಸ್ಟ್ರೀಟ್ಸ್’ ಎಂಬ ಪತ್ರಿಕೆ ಆ ಪ್ರವಾಸ ಆರಂಭವಾದ ವಾರದಲ್ಲೇ ತಾನು ಮುಚ್ಚುವುದಾಗಿ ಪ್ರಕಟಿಸಿತು; ದರದ ವಿಷಯದಲ್ಲಿ ತಮಗೂ ಓದುಗರಿಗೂ ಆದ ಭ್ರಮನಿರಸನವೇ ಕಾರಣವೆಂದು ಪ್ರಕಾಶಕರು ಬರೆದರು. ಕಾರ್ಮಿಕರ ಬದುಕನ್ನೇ ಹಾಡಿದ ಗಾಯಕನಿಗೆ ನಲವತ್ತು ವರ್ಷದ ಒಡನಾಡಿಗಳು ಕೊಟ್ಟ ಉತ್ತರವಿದು. ಯಾವ ಲಾಭ-ನಷ್ಟದ ತಖ್ತೆಯಲ್ಲಿಯೂ ಇದು ಕಾಣಿಸುವುದಿಲ್ಲ.

ಒಯಾಸಿಸ್ ಅಭಿಮಾನಿಗಳು ಮಾತ್ರ ಬಿಟ್ಟುಹೋಗಲಿಲ್ಲ. 2025ರ ಜುಲೈ 4ರಂದು ಕಾರ್ಡಿಫ್‌ನ ಕ್ರೀಡಾಂಗಣದಲ್ಲಿ ಅಣ್ಣ ತಮ್ಮ ಕೈ ಕೈ ಹಿಡಿದು ವೇದಿಕೆಗೆ ಬಂದಾಗ ಎದ್ದ ಕೂಗಿನಲ್ಲಿ ಹತ್ತು ತಿಂಗಳ ಹಿಂದಿನ ಮುನಿಸು ಕೊಚ್ಚಿಹೋಯಿತು. ಬ್ಯಾಂಡ್ ಒಡೆದಾಗ ಇನ್ನೂ ಶಾಲೆಯ ಮೆಟ್ಟಿಲು ಹತ್ತದಿದ್ದವರು ತಂದೆತಾಯಿಯ ಜೊತೆ ನಿಂತು ಪ್ರತಿ ಹಾಡನ್ನೂ ಬಾಯಿಪಾಠವಾಗಿ ಹಾಡಿದರು. ಅಪರಿಚಿತರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸಂಘಟಕರು ಇದನ್ನು ತಮ್ಮ ದರನೀತಿಗೆ ಸಿಕ್ಕ ಸಮ್ಮತಿ ಎಂದು ಓದಬಾರದು. ವೇದಿಕೆಯ ಮೇಲಿನವರು ಹಾಡುವುದರಷ್ಟೇ ಕೆಳಗಿನವರು ಜೊತೆಗೂಡಿ ಹಾಡುವುದೂ ಅಲ್ಲಿ ಮಾರಾಟಕ್ಕಿಟ್ಟ ಸರಕು. ಆ ಅರ್ಧ ಸರಕನ್ನು ತಯಾರಿಸಿ ತಂದವರು ಅಭಿಮಾನಿಗಳೇ. ಅವರಿಂದಲೇ ಪೂರ್ಣ ಬೆಲೆ ವಸೂಲಾಯಿತು.

ಮ್ಯಾಂಚೆಸ್ಟರಿನ ಹೀಟನ್ ಪಾರ್ಕಿನಲ್ಲಿ ನಡೆದ ಐದು ಕಛೇರಿಗಳ ಸಂದರ್ಭದಲ್ಲಿ ಇನ್ನೊಂದು ಸ್ವಾರಸ್ಯ ಕಂಡಿತು. ಟಿಕೆಟ್ ಸಿಗದವರು ಆವರಣದ ಆಚೆಗಿನ ಒಂದು ದಿಬ್ಬದ ಮೇಲೆ ಸೇರಿ, ಗಾಳಿಯಲ್ಲಿ ತೇಲಿಬಂದ ಹಾಡುಗಳನ್ನು ಕೇಳುತ್ತ ಕುಣಿದರು. ದಿಬ್ಬಕ್ಕೆ ಗ್ಯಾಲಗರ್ ಗುಡ್ಡ ಎಂಬ ಹೆಸರೂ ಬಿತ್ತು. ಬೆಳಕು, ಗಾಳಿಯಂತೆ ನಾದಕ್ಕೂ ಬೇಲಿ ಹಾಕಲಾಗದು ಎಂದು ನಾವು ಸಾರ್ವಜನಿಕ ಸರಕಿನ ಪಾಠದಲ್ಲಿ ಓದಿದ್ದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗಲಾರದು. ಜನ ಹೆಚ್ಚಾದಾಗ ನಗರಸಭೆ, ಮರಗಿಡಗಳ ರಕ್ಷಣೆಗೆಂದು, ದಿಬ್ಬಕ್ಕೆ ಬೇಲಿ ಹಾಕಿತು.

ಈ ಗದ್ದಲದ ಫಲವಾಗಿ ಎರಡು ಸಂಗತಿಗಳು ಘಟಿಸಿವೆ. 2025ರ ಸೆಪ್ಟೆಂಬರಿನಲ್ಲಿ ಟಿಕೆಟ್‌ಮಾಸ್ಟರ್ ಪ್ರಾಧಿಕಾರಕ್ಕೆ ಮುಚ್ಚಳಿಕೆ ಬರೆದುಕೊಟ್ಟಿತು: ಹಂತಹಂತದ ದರವಿದ್ದರೆ 24 ಗಂಟೆ ಮುಂಚೆ ತಿಳಿಸುವುದು, ಸರದಿಯಲ್ಲಿರುವವರಿಗೆ ದರದ ಮಾಹಿತಿ ಕೊಡುವುದು, ದಾರಿ ತಪ್ಪಿಸುವ ಹೆಸರುಗಳನ್ನು ಕೈಬಿಡುವುದು. ಅದೇ ವರ್ಷದ ನವೆಂಬರಿನಲ್ಲಿ, ಒಯಾಸಿಸ್ ಪ್ರವಾಸ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಮುಗಿಯುವ ಹೊತ್ತಿಗೆ, ಟಿಕೆಟ್ಟುಗಳನ್ನು ಮುಖಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು ನಿಷೇಧಿಸುವ ಯೋಜನೆಯನ್ನು ಬ್ರಿಟಿಷ್ ಸರ್ಕಾರ ಘೋಷಿಸಿತು. ಕಾಳಸಂತೆಯವನಿಗೆ ಇದು ಸರಿಯಾದ ಏಟು. ಆದರೆ 2024ರ ಆ ಶನಿವಾರ 350 ಪೌಂಡ್ ಕೇಳಿದವನು ಕಾಳಸಂತೆಯವನಲ್ಲ, ಅಧಿಕೃತ ಮಾರಾಟಗಾರ. ಆ ಟಿಕೆಟ್ಟಿನ ಮುಖಬೆಲೆಯೇ ಅದಾಗಿತ್ತು.