ಮಾಗಡಿ ಕೆರೆಗೆ ಎರಡು ದಾರಿ

ಗದಗ-ಬೆಟಗೇರಿ ಸೀಮೆಯಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ ಒಂದು ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಮಾಗಡಿ ಕೆರೆಗೆ ಸೈಬೀರಿಯಾದ ಹಕ್ಕಿಗಳು ಬಂದಿವೆಯಂತೆ! ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ, ಶಾಲೆಯ ಮಕ್ಕಳೂ ಹಾಗೆಯೇ ಹೇಳುತ್ತಾರೆ. ಆ ಸೈಬೀರಿಯಾ ಎಲ್ಲಿದೆ, ಅಲ್ಲಿಗೆ ಹೋಗುವುದೆಂದರೇನು, ನಮ್ಮ ಮನೆಯಿಂದ ಮಾಗಡಿಗೆ ಹೋಗುವುದೆಂದರೇನು ಎಂಬುದನ್ನು ಓದುಗ ಬಂಧುಗಳೊಡನೆ ವಿಚಾರಿಸಬೇಕೆಂದು ನಮಗೆ ಅನಿಸಿತು.

ಮೊದಲು ಹಕ್ಕಿಯ ವಿಚಾರ. ಇದರ ಹೆಸರು ಪಟ್ಟೆತಲೆ ಹೆಬ್ಬಾತು. ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಇದು ಮರಿ ಮಾಡುವುದು ಬಹುಮಟ್ಟಿಗೆ ಮಂಗೋಲಿಯಾದಲ್ಲಿ, ಟಿಬೇಟಿನ ಪ್ರಸ್ಥಭೂಮಿಯಲ್ಲಿ, ಕಿರ್ಗಿಸ್ತಾನದ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿರುವುದರಿಂದ ಈ ನಂಟಿಗೆ ಸಾಕ್ಷಿಯೂ ಇದೆ. ಸೈಬೀರಿಯಾದ ದಕ್ಷಿಣದಂಚಿನ ಆಲ್ಟಾಯ್ ಹಾಗೂ ತುವಾ ಪ್ರದೇಶಗಳಲ್ಲಿಯೂ ಇವು ಅಲ್ಪ ಸಂಖ್ಯೆಯಲ್ಲಿ ಮರಿ ಮಾಡುತ್ತವೆ. ಆದುದರಿಂದ ಜನರ ಮಾತು ಪೂರ್ತಿ ಸುಳ್ಳಲ್ಲ; ಆದರೆ ಮಕ್ಕಳಿಗೆ ಹೇಳುವಾಗ ಮಂಗೋಲಿಯಾ, ಟಿಬೇಟುಗಳ ಹೆಸರನ್ನೇ ಮೊದಲು ಹೇಳುವುದು ಲೇಸು.

ಆ ತುವಾ ಸೀಮೆಯ ರಾಜಧಾನಿ ಕಿಜಿಲ್. ಹಿರಿಯ ಯೆನಿಸೇ, ಕಿರಿಯ ಯೆನಿಸೇ ಎಂಬ ಎರಡು ಹೊಳೆಗಳು ಕೂಡುವ ಸಂಗಮದಲ್ಲಿ ಈ ಪಟ್ಟಣವಿದೆ. ದಂಡೆಯ ಮೇಲೆ ‘ಏಷ್ಯದ ನಡುಬಿಂದು’ ಎಂದು ಸಾರುವ ಸ್ತಂಭವೊಂದುಂಟು. ನೆಲದ ದಾರಿಯಿಂದಲೇ ಹೋಗುತ್ತೇನೆಂಬ ಪ್ರವಾಸಿಗನು ಮಾಸ್ಕೋದಿಂದ ರೈಲಿನಲ್ಲಿ 4,000 ಕಿ.ಮೀ.ಗೂ ಮಿಕ್ಕ ದೂರವನ್ನು ಸವೆಸಿ ಕ್ರಾಸ್ನೊಯಾರ್ಸ್ಕ್ ತಲುಪಬೇಕು. ಅಲ್ಲಿಂದ ಅಬಕಾನ್ ಎಂಬ ಊರಿನವರೆಗೆ ರೈಲುಂಟು. ಮುಂದೆ ಇಲ್ಲ. ಸಯಾನ್ ಪರ್ವತಗಳನ್ನು ಹತ್ತಿ ಇಳಿಯುವ ಹೆದ್ದಾರಿಯಲ್ಲಿ ಸುಮಾರು 400 ಕಿ.ಮೀ. ಮೋಟಾರಿನಲ್ಲಿಯೇ ಹೋಗಬೇಕು. ಜನವರಿಯಲ್ಲಿ ಅಲ್ಲಿಯ ಚಳಿ ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ಕಿಜಿಲ್‌ಗೆ ರೈಲು ತರುವ ಕೆಲಸ 2011ರಲ್ಲಿ ಆರಂಭವಾದರೂ ಹಳಿ ಇನ್ನೂ ಊರು ಮುಟ್ಟಿಲ್ಲ. ಗದಗ-ಯಲವಿಗಿ ಮಾರ್ಗದ ಹಳೆಯ ಬೇಡಿಕೆಯನ್ನು ಬಲ್ಲ ಲಕ್ಷ್ಮೇಶ್ವರ, ಶಿರಹಟ್ಟಿಯ ನಮ್ಮ ಹಿರಿಯರಿಗೆ ಆ ದೂರದ ಊರಿನವರ ಮನಸ್ಸು ಸುಲಭವಾಗಿ ಅರ್ಥವಾದೀತು.

ಹಕ್ಕಿಗೆ ಹಳಿಯೂ ಬೇಡ, ಹೆದ್ದಾರಿಯೂ ಬೇಡ. ಆದರೆ ಅದರ ದಾರಿ ಸುಗಮವೆಂದು ಯಾರೂ ತಿಳಿಯಬಾರದು. ನೇರ ಗೆರೆ ಎಳೆದರೂ ಮಂಗೋಲಿಯಾದ ಸರೋವರಗಳಿಂದ ಮಾಗಡಿಗೆ 4,000 ಕಿ.ಮೀ.ಗೆ ಕಡಿಮೆಯಾಗದು, ನಡುವೆ ಹಿಮಾಲಯ ಅಡ್ಡ ನಿಂತಿದೆ. ಈ ಹೆಬ್ಬಾತುಗಳು ಎವರೆಸ್ಟಿನ ನೆತ್ತಿಯ ಮೇಲೆಯೇ ಹಾರಿಹೋಗುತ್ತವೆ ಎಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಹಕ್ಕಿಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಸಾಧನ ಕಟ್ಟಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ತೋರಿಸಿತು. ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಹಾರಾಟದ ಬಹುಪಾಲು 5,500 ಮೀಟರಿನ ಕೆಳಗೇ ನಡೆದಿತ್ತು. ಅವು ಕಣಿವೆಗಳನ್ನು ಹುಡುಕಿಕೊಂಡು, ನೆಲದ ಏರಿಳಿತವನ್ನು ಅನುಸರಿಸಿ ಹಾರುತ್ತವೆ. ಇರುಳು ಹಾಗೂ ನಸುಕಿನ ಹೊತ್ತನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ, ಏಕೆಂದರೆ ತಣ್ಣನೆಯ ಗಾಳಿ ಸಾಂದ್ರವಾಗಿದ್ದು ರೆಕ್ಕೆಗೆ ಆಸರೆ ಕೊಡುತ್ತದೆ. ವಿರಳವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಹೀರಿಕೊಳ್ಳುವ ಶಕ್ತಿ ಅವುಗಳ ರಕ್ತಕ್ಕಿದೆ. ಶಿಖರಕ್ಕಿಂತ ಕಣಿವೆಯನ್ನು ಆರಿಸಿಕೊಳ್ಳುವ ಈ ವಿವೇಕ ಹಳೆಯ ಕಥೆಗಿಂತ ನಮಗೆ ಹೆಚ್ಚು ಹಿಡಿಸಿತು.

ಇನ್ನು ನಮ್ಮ ದಾರಿ. ಬೆಂಗಳೂರಿನ ಬಳಿಯ ಕೆಂಪೇಗೌಡರ ಮಾಗಡಿಯೇ ಬೇರೆ, ಇದು ಶಿರಹಟ್ಟಿ ಸೀಮೆಯ ಮಾಗಡಿ. ದೂರದ ಬೀಗರಿಗೆ ಕಾಗದ ಬರೆಯುವಾಗ ಇದನ್ನು ಬಿಡಿಸಿ ಬರೆಯಬೇಕು. ಗದಗಿನಿಂದ ಲಕ್ಷ್ಮೇಶ್ವರದ ಕಡೆಗೆ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರದಿಂದ 11, ಶಿರಹಟ್ಟಿಯಿಂದ 8. ಮುಂಡರಗಿಯವರು ಶಿರಹಟ್ಟಿಗೆ ಬಂದು ಹೋಗಬಹುದು. ಬಸ್ಸು ಹತ್ತುವ ಮುನ್ನ ಮಾಗಡಿಯಲ್ಲಿ ನಿಲ್ಲುವುದೇ ಎಂದು ನಿರ್ವಾಹಕರನ್ನು ಕೇಳಿಕೊಳ್ಳಬೇಕು; ಮರಳುವ ಬಸ್ಸಿನ ವೇಳೆಯನ್ನೂ ಆಗಲೇ ತಿಳಿದಿರಬೇಕು. ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ನಾಡಿನ ತಾಯಂದಿರಿಗೆ ಟಿಕೆಟ್ಟಿನ ಖರ್ಚಿಲ್ಲ. ಮನೆಮಂದಿಯೆಲ್ಲ ಹೊರಡುವುದಕ್ಕೆ ಇದಕ್ಕಿಂತ ಅನುಕೂಲ ಬೇರೇನು ಬೇಕು? ದಿನವಿಡೀ ಸುತ್ತುವವರು ಅದೇ ಪಯಣದಲ್ಲಿ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಶಂಖ ಬಸದಿ, 1617ರ ಆದಿಲಶಾಹಿ ಮಸೀದಿ, ಶಿರಹಟ್ಟಿಯ ಫಕೀರೇಶ್ವರ ಮಠ ಎಲ್ಲವನ್ನೂ ಕಾಣಬಹುದು. ಡಂಬಳದ ದೊಡ್ಡಬಸಪ್ಪನ ಗುಡಿ, ಕಪ್ಪತಗುಡ್ಡಗಳು ಮುಂಡರಗಿಯ ದಾರಿಯವು. ಅವಕ್ಕೆ ಇನ್ನೊಂದು ದಿನ ಬೇಕು.

ಕೆರೆ ಹಿರಿದೇನಲ್ಲ, ಸುಮಾರು 134 ಎಕರೆ. ಮಳೆಯ ನೀರನ್ನು ಹಿಡಿದು ಹೊಲಕ್ಕೆ ಉಣಿಸಲೆಂದು ಮನುಷ್ಯರೇ ಕಟ್ಟಿದ್ದು. 2024ರ ಜನವರಿ ಕೊನೆಗೆ ಇದು ರಾಮ್ಸಾರ್ ಪಟ್ಟಿಗೆ ಸೇರಿತು. ಅಂಕಸಮುದ್ರ ಮತ್ತು ಅಘನಾಶಿನಿಗಳೂ ಅದರೊಡನೆ ಸೇರಿದವು. ಅದಕ್ಕೂ ಮುನ್ನ ಕರ್ನಾಟಕದಲ್ಲಿ ಆ ಮನ್ನಣೆ ರಂಗನತಿಟ್ಟಿಗೆ ಮಾತ್ರ ಇತ್ತು. ಚಳಿಗಾಲದಲ್ಲಿ ಸುಮಾರು 8,000 ಹೆಬ್ಬಾತುಗಳು ಇಲ್ಲಿ ತಂಗುತ್ತವೆಂದು ರಾಮ್ಸಾರ್ ವಿವರಣೆ ಹೇಳುತ್ತದೆ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು, ಹಾವಕ್ಕಿಗಳೂ ಇಲ್ಲಿವೆ.

ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ. ಹಗಲು ನೀರಿನಲ್ಲಿ ವಿಶ್ರಮಿಸಿ, ಹೊತ್ತು ಮುಳುಗಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತದೆ. ಎಳೆಯ ಪೈರು, ಕಾಳುಕಡಿ ಅದರ ಆಹಾರ. ದಂಡೆಯ ಮೇಲೆ ನಿಂತ ನಾವು, ನೀವು ಆನಂದಪಡುತ್ತೇವೆ. ಮನ್ನಣೆ ಇಡೀ ನಾಡಿಗೆ ಬರುತ್ತದೆ. ಉಣಿಸುವ ಭಾರ ಮಾತ್ರ ಕೆರೆಯ ಮಗ್ಗುಲ ಹೊಲದವನ ಮೇಲೆ ಬೀಳುತ್ತದೆ. ಬೀಜ, ಗೊಬ್ಬರ, ಆಳು ಎಲ್ಲಕ್ಕೂ ಸಾಲ ಮಾಡಿದ ರೈತನಿಗೆ ಇದು ಹಗುರವಾದ ಮಾತಲ್ಲ. ಅತಿಥಿ ಸತ್ಕಾರವೆಂದು ಹೊಗಳಿ ಅವನ ಬಾಯಿ ಕಟ್ಟುವುದು ನಮಗೆ ಸರಿಯೆನಿಸದು. ಹಾನಿಯನ್ನು ಅಳೆದು, ಅದೇ ಹಂಗಾಮಿನಲ್ಲಿ ಪರಿಹಾರ ಕೈಸೇರುವಂತೆ ಮಾಡುವುದು ಮನ್ನಣೆ ಪಡೆದವರ ಹೊಣೆ. ರೈತ ಬೇಸತ್ತು ಪಟಾಕಿ ಹಿಡಿದರೆ ಯಾವ ಫಲಕವೂ ಹಕ್ಕಿಯನ್ನು ಉಳಿಸಲಾರದು.

ನೋಡಹೋಗುವವರಿಂದಲೂ ಆ ರೈತನಿಗೆ ತೊಂದರೆಯಾಗಬಾರದು. ವಾಹನವನ್ನು ಬದುವಿನ ಮೇಲೆ ಹತ್ತಿಸಬೇಡಿ. ಪೈರಿನ ನಡುವೆ ಹಾದು ನೀರಿನಂಚಿಗೆ ಇಳಿಯಬೇಡಿ. ಬುತ್ತಿ ಕಟ್ಟಿಕೊಂಡು ಹೋದರೆ ಅದರ ಪ್ಲಾಸ್ಟಿಕ್ಕನ್ನು ಮನೆಗೇ ತನ್ನಿ. ನಸುಕಿನಲ್ಲಿ ಹಿಂಡುಗಳು ಹೊಲದಿಂದ ಕೆರೆಗೆ ಮರಳುವ ಹೊತ್ತೇ ನೋಟಕ್ಕೆ ಉತ್ತಮ. ಮಕ್ಕಳಿಗೆ ಬೆಚ್ಚನೆಯ ಬಟ್ಟೆ ತೊಡಿಸಿ, ಸಂಕ್ರಾಂತಿಯ ಆಸುಪಾಸಿನಲ್ಲಿ ಹೊರಡಿ. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ನೀರಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮಾರ್ಚ್ ಬಂದಿತೆಂದರೆ ಹೆಬ್ಬಾತುಗಳು ಹಿಮಾಲಯದ ಕಡೆಗೆ ಹೊರಟಿರುತ್ತವೆ.