ಓಟ ಬೇರೆ, ಆಟ ಬೇರೆ



ಕಾಫಿ ಹಣ್ಣು ಕಣದಲ್ಲಿ ಒಣಗುತ್ತಿದ್ದ ದಿನಗಳಲ್ಲಿ ಮಲ್ಲಂದೂರಿನ ನಮ್ಮ ಮನೆಗೆ ನೆಂಟರೊಬ್ಬರು ಬಂದಿದ್ದರು. ಅವರ ಕಿರಿಯ ಮಗ ಒಂಬತ್ತನೆಯ ತರಗತಿಯವನು. ತಾಲ್ಲೂಕು ಕ್ರೀಡಾಕೂಟದ ನೂರು ಮೀಟರ್ ಓಟದಲ್ಲಿ ಮೊದಲ ಬಹುಮಾನ ತಂದಿದ್ದಾನೆ. ಆದರೆ ಸಂಜೆಯಾಯಿತೆಂದರೆ ಕಬಡ್ಡಿ ಅಂಕಣ ಬಿಟ್ಟು ಮನೆಗೆ ಬಾರನು. ಕಬಡ್ಡಿಯಲ್ಲಿ ಮಂಡಿ ಮುರಿದುಕೊಂಡರೆ ಓಟವೂ ಹೋದಂತೆಯೇ, ಆದ್ದರಿಂದ ಎರಡರಲ್ಲಿ ಒಂದನ್ನು ಬಿಡಲಿ ಎಂದು ದೈಹಿಕ ಶಿಕ್ಷಕರು ಹೇಳಿದ್ದಾರೆ. ಅಜ್ಜಿಗಂತೂ ಎರಡೂ ಬೇಡ, ಹುಡುಗ ಓದಿದರೆ ಸಾಕು. "ಹುಡುಗ್ನ ಯಾವ ಕಡೆಗೆ ಬಿಡೋಣ ಅಣ್ಣಾ, ನೀವೇ ಹೇಳಿ" ಎಂದು ಅವರು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕಾಫಿ ಕುಡಿಯುತ್ತ ನಾನು ಅವರಿಗೆ ಹೇಳಿದ ಸಂಗತಿಗಳನ್ನೇ ಈ ತಿಂಗಳು ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಮಗೆ ತಿಳಿದ ಕಾಲ್ಚೆಂಡಾಟವಲ್ಲ. ಅಲ್ಲಿ ಕಾಲಿಗಿಂತ ಕೈಗೇ ಹೆಚ್ಚಿನ ಕೆಲಸ. ತೆಂಗಿನಕಾಯಿಯಂತೆ ಎರಡು ಕಡೆಯೂ ಚೂಪಾದ ಚೆಂಡನ್ನು ಒಬ್ಬನು ದೂರಕ್ಕೆ ಎಸೆಯುತ್ತಾನೆ. ಇನ್ನೊಬ್ಬನು ಓಡುತ್ತಲೇ ಅದನ್ನು ಹಿಡಿದು ಎದುರಾಳಿಗಳ ಕೈಗೆ ಸಿಕ್ಕದೆ ಗಡಿ ದಾಟಬೇಕು. ಸಿಕ್ಕಿದರೆ ನೆಲಕ್ಕೆ ಕೆಡವುತ್ತಾರೆ. ತಲೆಗೆ ಶಿರಸ್ತ್ರಾಣ, ಭುಜಕ್ಕೆ ಮೆತ್ತೆ ಇಲ್ಲದೆ ಯಾರೂ ಅಂಕಣಕ್ಕೆ ಇಳಿಯುವುದಿಲ್ಲ. ನಮ್ಮ ಕಬಡ್ಡಿಗೆ ಚೆಂಡು ಸೇರಿಸಿ ಬಯಲನ್ನು ನೂರು ಗಜಕ್ಕೆ ಹಿಗ್ಗಿಸಿದಂತೆ ಎಂದರೆ ಬಹುಮಟ್ಟಿಗೆ ಸರಿಯಾದೀತು. ಓಡಿ ತಪ್ಪಿಸಿಕೊಳ್ಳುವುದೇ ಮುಖ್ಯವಾದ ಇಂತಹ ಆಟಕ್ಕೆ ಒಲಿಂಪಿಕ್ಸ್ ಓಟಗಾರನನ್ನು ತಂದರೆ ಗೆಲುವು ಕಟ್ಟಿಟ್ಟ ಬುತ್ತಿ ಎಂದು ತಂಡಗಳ ಒಡೆಯರು ನಂಬಿದ್ದರು. ಆ ನಂಬಿಕೆ ಒಮ್ಮೆ ಫಲಿಸಿತು, ಹಲವು ಸಲ ಕೈಕೊಟ್ಟಿತು.

ಫಲಿಸಿದ್ದು ಬಾಬ್ ಹೇಯ್ಸ್ ಎಂಬವನಲ್ಲಿ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಆತನು ಓಡಿದ್ದು ಒಂದನೆಯ ಪಥದಲ್ಲಿ. ಅದು ಇದ್ದಿಲ ಬೂದಿಯ ನೆಲ, ನಡಿಗೆ ಸ್ಪರ್ಧೆಯವರು ತುಳಿದು ಕೆದರಿ ಹೋಗಿದ್ದ ಪಥ. ಸಾಲದ್ದಕ್ಕೆ ತನ್ನ ಒಂದು ಬೂಟು ಕಾಣೆಯಾಗಿ ಜೊತೆಗಾರನ ಬೂಟು ತೊಟ್ಟು ಓಡಿದನು. ಆದರೂ ನೂರು ಮೀಟರನ್ನು 10.0 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದನು. ರಿಲೇಯಲ್ಲಿಯೂ ಚಿನ್ನ ಗೆದ್ದನು. ನಮ್ಮ ಕೋಲಾರದಲ್ಲಿ ಹುಟ್ಟಿ ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರಿಯಲ್ಲಿದ್ದ ಕೆನೆತ್ ಪೊವೆಲ್ ಭಾರತದ ಪರ ಓಡಿದ್ದೂ ಅದೇ ಕೂಟದಲ್ಲಿ. ಮರುವರ್ಷ ಪೊವೆಲ್ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು. ಹೇಯ್ಸ್ ಡಲ್ಲಾಸ್ ಕೌಬಾಯ್ಸ್ ಎಂಬ ತಂಡ ಸೇರಿದನು. ಆತನನ್ನು ಒಬ್ಬನೇ ಬೆನ್ನಟ್ಟಿ ಹಿಡಿಯುವುದು ಆಗದ ಮಾತೆಂದು ಅರಿತ ಎದುರಾಳಿಗಳು, ಆಟಗಾರನಿಗೆ ಆಟಗಾರನನ್ನು ಕಾವಲಿಡುವುದನ್ನು ಬಿಟ್ಟು ಬಯಲಿನ ಒಂದೊಂದು ಭಾಗಕ್ಕೆ ಕಾವಲು ಹಾಕುವ ಪದ್ಧತಿಯನ್ನು ಬೆಳೆಸಿದರು ಎನ್ನುತ್ತಾರೆ. 1972ರ ಜನವರಿಯಲ್ಲಿ ಆತನ ತಂಡ ಸೂಪರ್ ಬೌಲ್ ಗೆದ್ದಿತು.

ಇನ್ನು ಜಿಮ್ ಹೈನ್ಸ್. 1968ರ ಮೆಕ್ಸಿಕೊದಲ್ಲಿ ಈತನ ಕಾಲ 9.95 ಸೆಕೆಂಡು. ವಿದ್ಯುತ್ ಗಡಿಯಾರದ ಲೆಕ್ಕದಲ್ಲಿ ಹತ್ತು ಸೆಕೆಂಡಿನೊಳಗೆ ನೂರು ಮೀಟರ್ ಓಡಿದ ಮೊದಲ ಮನುಷ್ಯ ಈತನೇ. ಆ ದಾಖಲೆ 1983ರವರೆಗೂ ನಿಂತಿತು. ಮಯಾಮಿಯ ತಂಡದವರು ಈತನನ್ನು ಕರೆದೊಯ್ದರು. ಆದರೆ ಚೆಂಡು ಕೈಯಲ್ಲಿ ನಿಲ್ಲಲಿಲ್ಲ! 1969ರ ಋತುವಿನುದ್ದಕ್ಕೂ ಆತನು ಹಿಡಿದದ್ದು ಎರಡೇ ಎಸೆತ. ಕೈಜಾರಿದಾಗ ಬಾಯಿಂದ ಹೊರಡುವ "ಅಯ್ಯೋ" ಎಂಬ ಉದ್ಗಾರವನ್ನೇ ಜೊತೆಗಾರರು ಅಡ್ಡಹೆಸರಾಗಿ ಇಟ್ಟರಂತೆ. ಮರುವರ್ಷ ಬೇರೊಂದು ತಂಡದಲ್ಲಿ ಒಂದು ಪಂದ್ಯ ಆಡಿದನು, ಅಲ್ಲಿಗೆ ಮುಗಿಯಿತು. ಅದೇ ಮೆಕ್ಸಿಕೊದಲ್ಲಿ ಕರಿಯ ಕೈಚೀಲ ತೊಟ್ಟ ಮುಷ್ಟಿ ಎತ್ತಿ ಜಗತ್ತಿನ ಕಣ್ಣು ತೆರೆಸಿದ ಟಾಮಿ ಸ್ಮಿತ್ ಕೂಡ ಈ ಆಟಕ್ಕೆ ಬಂದು ಹೆಚ್ಚು ದಿನ ಉಳಿಯಲಿಲ್ಲ.

ಇಬ್ಬರೂ ಒಲಿಂಪಿಕ್ಸಿನ ನೂರು ಮೀಟರ್ ಗೆದ್ದವರೇ, ಕಾಲಿನ ಬಲದಲ್ಲಿ ಹೆಚ್ಚುಕಡಿಮೆ ಸಮಾನರೇ. ವ್ಯತ್ಯಾಸ ಇದ್ದದ್ದು ಹಿಂದಿನ ಬದುಕಿನಲ್ಲಿ. ಹೇಯ್ಸ್ ಎಳವೆಯಿಂದ ಫುಟ್‌ಬಾಲ್ ಆಡಿದವನು, ಕಾಲೇಜಿನಲ್ಲಿಯೂ ಆ ತಂಡದ ಆಟಗಾರ. ಹೈನ್ಸ್ ಮೊದಲು ಓಟಗಾರ, ಆಟವನ್ನು ಅನಂತರ ಕಲಿಯಹೊರಟವನು.

ಹಾಗಾದರೆ ಗೆದ್ದ ಓಟವನ್ನು ಬಿಟ್ಟು ಇವರೇಕೆ ಹೋದರು ಎಂದು ನೆಂಟರು ಕೇಳಿದರು. ನ್ಯಾಯವಾದ ಪ್ರಶ್ನೆ. ಓಟದಲ್ಲಿ ಕೀರ್ತಿಯಿತ್ತು, ಅನ್ನವಿರಲಿಲ್ಲ. ಒಲಿಂಪಿಕ್ಸಿನಲ್ಲಿ ಓಡುವವನು ಹಣಕ್ಕಾಗಿ ಆಡಬಾರದೆಂಬುದು ಅಂದಿನ ನಿಯಮ. ಯಾವುದೇ ಆಟದಲ್ಲಿ ಸಂಬಳ ಪಡೆದರೂ ಓಟದ ಬಾಗಿಲು ಮುಚ್ಚುತ್ತಿತ್ತು. ಹೇಯ್ಸ್ ಟೋಕಿಯೊದಲ್ಲಿ ಗೆದ್ದಾಗ ಆತನಿಗೆ 21 ವರ್ಷ. ಮುಂದೆ ಒಲಿಂಪಿಕ್ಸಿಗೆ ಮರಳಲಿಲ್ಲ. 110 ಮೀಟರ್ ಹರ್ಡಲ್ಸ್ ಓಟವನ್ನು 1981ರಲ್ಲಿ 13 ಸೆಕೆಂಡಿಗಿಂತ ಕಡಿಮೆ ಕಾಲದಲ್ಲಿ ಮೊದಲಿಗೆ ಓಡಿದ ರೆನಾಲ್ಡೊ ನೆಹೆಮಾಯ, ಮರುವರ್ಷ ಫುಟ್‌ಬಾಲ್ ತಂಡ ಸೇರಿ 1984ರ ಒಲಿಂಪಿಕ್ಸನ್ನೇ ಕಳೆದುಕೊಂಡನು. ಕಾಯಕವೇ ಕೈಲಾಸ ಎಂದು ನಂಬಿದ ನಾವು ದುಡಿಮೆಗೆ ತಕ್ಕ ಪ್ರತಿಫಲವನ್ನು ಪಾಪವೆಂದು ಎಣಿಸಿದವರಲ್ಲ. ಆ ನಿಯಮ ನನಗಂತೂ ಉಳ್ಳವರ ಮಕ್ಕಳಿಗಾಗಿ ಉಳ್ಳವರೇ ಬರೆದದ್ದಾಗಿ ಕಾಣುತ್ತದೆ. ಪೊವೆಲ್ ಅವರಿಗೆ ಕಾರ್ಖಾನೆಯ ನೌಕರಿ ಎಷ್ಟು ದೊಡ್ಡ ಆಸರೆಯಾಗಿತ್ತೆಂಬುದು ಈ ಕಥೆಗಳನ್ನು ಕೇಳಿದಾಗ ತಿಳಿಯುತ್ತದೆ.

ಇದೆಲ್ಲ ಕಡಲಾಚೆಯ ಮಾತಾಯಿತು. ಆದರೆ ಚಾರ್ಮಾಡಿ ಘಾಟಿ ಇಳಿದರೆ ಸಿಗುವ ತುಳುನಾಡಿನಲ್ಲಿ 2020ರಲ್ಲಿ ನಡೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟನ ವಿಶ್ವದಾಖಲೆ 9.58. ನಮ್ಮ ಕಾಫಿ ಕಣಗಳಲ್ಲಿಯೂ ಆಳುಗಳಿಂದ ಹಿಡಿದು ಮಾಲೀಕರವರೆಗೆ ಎಲ್ಲರ ಮೊಬೈಲಿನಲ್ಲಿ ಅದೇ ಚಿತ್ರ. ಬೆಂಗಳೂರಿನ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷೆಗೆ ಬನ್ನಿ ಎಂದು ದೆಹಲಿಯಿಂದ ಕ್ರೀಡಾ ಸಚಿವರೇ ಕರೆದರು.

ಆ ಭಾಗಾಕಾರದಲ್ಲಿ ಒಂದು ಮೋಸವಿದೆ. ನಿಂತಲ್ಲಿಂದ ಎದ್ದು ವೇಗ ಹಿಡಿಯುವುದಕ್ಕೇ ಓಟಗಾರನ ಹೆಚ್ಚು ಕಾಲ ಹೋಗುತ್ತದೆ. ಓಟ ಉದ್ದವಾದಷ್ಟೂ ಆ ಹೊರೆ ಹಂಚಿಹೋಗುತ್ತದೆ. 2009ರಲ್ಲಿ ಬೋಲ್ಟ್ ಮ್ಯಾಂಚೆಸ್ಟರಿನ ಬೀದಿಯಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದಾಗ ಅದರ ಕೊನೆಯ ನೂರು ಮೀಟರಿಗೆ ಹಿಡಿದದ್ದು 8.70 ಸೆಕೆಂಡು ಮಾತ್ರ. ಅಲ್ಲದೆ ಬೋಲ್ಟನ ಮುಂದೆ ಕೋಣಗಳಿರಲಿಲ್ಲ!

ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದ ಗೌಡರು ಪರೀಕ್ಷೆಗೆ ಹೋಗಲು ಒಪ್ಪಲಿಲ್ಲ. ಕಾಲಿಗೆ ಪೆಟ್ಟಾಗಿದೆ ಎಂದರು. ಕಂಬಳದ ಓಟದಲ್ಲಿ ಹಿಮ್ಮಡಿಯ ಬಳಕೆ, ಟ್ರ್ಯಾಕಿನ ಓಟದಲ್ಲಿ ಕಾಲ್ಬೆರಳಿನ ಬಳಕೆ. ಕಂಬಳದಲ್ಲಿ ಕೋಣಗಳ ಪಾತ್ರವೂ ಇದೆ ಎಂದು ವಿವರಿಸಿದರು. ಹಲವರು ಇದನ್ನು ಹಿಂಜರಿಕೆ ಎಂದು ಭಾವಿಸಿದರು. ನನಗೆ ಹಾಗನಿಸಲಿಲ್ಲ. ಹೈನ್ಸ್ ಒಂದು ಋತು ಕಳೆದು ಕಲಿತದ್ದನ್ನು ಈ ಮನುಷ್ಯ ಕೆಸರಿನಲ್ಲಿ ನಿಂತೇ ತಿಳಿದಿದ್ದನು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ ಎಂಬ ಇನ್ನೊಬ್ಬ ಓಟಗಾರರು ಆ 9.55ರ ಲೆಕ್ಕವನ್ನೂ ಮೀರಿದರು. ಗೌಡರು ಮುಂದಿನ ವರ್ಷವೂ ಕಂಬಳದ ಕರೆಯಲ್ಲಿಯೇ ಓಡಿದರು.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಉಂಟು. 2021ರಲ್ಲಿ ಡಿ. ಕೆ. ಮೆಟ್‌ಕಾಫ್ ಎಂಬ ಫುಟ್‌ಬಾಲ್ ಆಟಗಾರ, ನೂರು ಕಿಲೋ ಮೀರಿದ ದೇಹದವನು, ನುರಿತ ಓಟಗಾರರ ನಡುವೆ ನಿಂತು ನೂರು ಮೀಟರನ್ನು 10.36 ಸೆಕೆಂಡಿನಲ್ಲಿ ಮುಗಿಸಿದನು. ತನ್ನ ಗುಂಪಿನಲ್ಲಿ ಕೊನೆಯವನಾದರೂ ನೋಡಿದವರು ಆತನನ್ನು ಹೊಗಳಿದರು. ಆತನು ಮರಳಿ ತನ್ನ ಆಟಕ್ಕೆ ಹೋದನು.

ನೆಂಟರು ಎಲ್ಲವನ್ನೂ ಕೇಳಿ, "ಹಂಗಾದ್ರೆ ಕಬಡ್ಡಿ ಬಿಡಿಸೋದು ಬ್ಯಾಡ ಅಂತೀರಾ?" ಎಂದರು. ಈ ವಯಸ್ಸಿನಲ್ಲಿ ಬಿಡಿಸಬೇಡಿ ಎಂದೆ. ಹೇಯ್ಸ್ ಬಾಲ್ಯದಲ್ಲಿ ಎರಡನ್ನೂ ಹಿಡಿದಿದ್ದರಿಂದಲೇ ಮುಂದೆ ಎರಡೂ ಕೈಗೂಡಿದವು. ಮಂಡಿಯ ವಿಷಯದಲ್ಲಿ ಶಿಕ್ಷಕರ ಮಾತು ಸುಳ್ಳಲ್ಲ. ಆದ್ದರಿಂದ ಓಟದ ಸ್ಪರ್ಧೆಯ ಹಿಂದಿನ ಎರಡು ವಾರ ಅಂಕಣಕ್ಕೆ ಇಳಿಯುವುದು ಬೇಡ ಎಂದೂ ಹೇಳಿದೆ. ಹುಡುಗನನ್ನು ಕೇಳಿದ್ದೀರಾ ಎಂದರೆ ಇಲ್ಲವೆಂದರು. ಹೊರಗೆ ಕಣದಲ್ಲಿ ಕಾಫಿ ಎಳೆದಾಡುತ್ತಿದ್ದ ಅವನನ್ನು ಕೂಗಿ ಕರೆದೆವು. ನಿನಗೆ ಯಾವುದು ಇಷ್ಟ ಎಂದಾಗ ಅವನು ಅಪ್ಪನ ಮುಖ ನೋಡಿ, ಮೊದಲು ಓಟಕ್ಕೆ ಒಂದು ಜೊತೆ ಮುಳ್ಳಿನ ಬೂಟು ಬೇಕೆಂದನು.