ಅಗ್ಗದ್ದೆಲ್ಲ ಕಳಪೆ ಅನ್ನೋರಿಗೆ

ದುಬಾರಿ ಆದ್ರೆ ಒಳ್ಳೇದು, ಅಗ್ಗ ಆದ್ರೆ ಕಳಪೆ. ಈ ಲೆಕ್ಕ ಸುಳ್ಳು ಅನ್ನೋದಕ್ಕೆ ಆಸ್ಟ್ರಿಯಾದ ಬಿಳಿ ವೈನೇ ಸಾಕ್ಷಿ.

ಗ್ರೂನರ್ ವೆಲ್ಟ್‌ಲೀನರ್ ಅಲ್ಲಿನ ದ್ರಾಕ್ಷಿ ತಳಿ. ದೇಶದ ದ್ರಾಕ್ಷಿ ತೋಟಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇದೇ. ದಿನಬಳಕೆಯ ವೈನ್ ಲೀಟರ್ ಬಾಟಲಿಯಲ್ಲೂ ಸಿಗುತ್ತೆ. ತಣ್ಣಗೆ ಮಾಡಿ ರುಚಿ ನೋಡಿದೆ. ಮೊದಲು ಹಸಿರು ಸೇಬಿನ ಹುಳಿ, ಆಮೇಲೆ ನಿಂಬೆ, ಕೊನೆಗೆ ಬಿಳಿ ಮೆಣಸಿನ ಚುರುಕು. ಸಿಹಿ ಇಲ್ಲ, ನಾಟಕವೂ ಇಲ್ಲ.

ಸಿಹಿಯ ನಾಟಕ ಆಡಿದವರೂ ಅಲ್ಲಿದ್ರು. ಮಾಮೂಲಿ ವೈನ್ ದುಬಾರಿ ಸಿಹಿ ವೈನಿನಂತೆ ಇರಲಿ ಅಂತ ಕೆಲವರು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆಸಿದ್ದು 1985ರಲ್ಲಿ ಬಯಲಾಯ್ತು. ರಫ್ತು ಕುಸಿದು, ತಪ್ಪು ಮಾಡದ ಬೆಳೆಗಾರರೂ ಏಟು ತಿಂದ್ರು. ಅದೇ ವರ್ಷ ಕಟ್ಟುನಿಟ್ಟಿನ ಕಾನೂನು ಬಂತು.

ಅಲ್ಲಿ ಬೆಳೆಗಾರ ತನ್ನ ವೈನನ್ನು ತಾನೇ ಮಾರಬಹುದು. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಕೊಟ್ಟ ಹಕ್ಕು ಅದು. ಬಾಗಿಲಿಗೆ ಹಸಿರು ಟೊಂಗೆ ಕಟ್ಟಿದರೆ ಮಾರಾಟ ಶುರು ಅಂತ ಅರ್ಥ. ನಡುವೆ ದಲ್ಲಾಳಿ ಇಲ್ಲ. ಬೆಲೆ ಇಳಿಯೋದು ಹೀಗೂ ಉಂಟು, ಗುಣ ಇಳಿದೇ ಆಗಬೇಕಿಲ್ಲ.

ಕುಡೀರಿ ಅಂತ ಹೇಳ್ತಿಲ್ಲ. ಬೆಲೆಚೀಟಿ ನೋಡಿ ರೈತನ ಬೆಳೆಗೆ ಮಾರ್ಕ್ಸ್ ಹಾಕಬೇಡಿ, ಅಷ್ಟೇ.